‘ಬಾ’ ಅಂದರೋ, ‘ಬಂದೆ’ ಅಂದರೋ

“ನೋಡಿ, ಇವನ ಕೈಗೆ ಸಿಕ್ಕಿದ್ರೆ ನಿಮ್ಮ ಕಥೆ ಮುಗೀತು! ಏಯ್, ನಿನ್ನ ಇಟ್ಕೊಂಡಿರೋದು ಹಿಡಿಯೋಕೆ ಕಣಯ್ಯಾ, ಗೋಡೆಗೆ ಹೊಡೆಸೋಕಲ್ಲ.”

ಬೆಳಗಿನ ಮೊದಲ ದೋಣಿಯಿಂದ ಇಳಿದ ಪ್ರವಾಸಿಗರ ಮುಂದೆಯೇ ಮ್ಯಾನೇಜರ್ ಹೀಗೆ ಕೂಗುತ್ತಾನೆ. ಅರ್ಧ ಜನ ನಗುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ಬೈಸಿಕೊಂಡ ಹಿಡಿಯಣ್ಣ “ಆಯ್ತು ಸಾರ್” ಎಂದು ಚರ್ಮದ ಕೈಗವಸು ಹಾಕಿಕೊಳ್ಳುತ್ತಾರೆ. ಸೂರ್ಯ ಇನ್ನೂ ಸಮುದ್ರದಿಂದ ಪೂರ್ತಿ ಎದ್ದಿಲ್ಲ.

ಈ ದ್ವೀಪದ ಗುಡ್ಡದ ಮೇಲೊಂದು ಗೋಪುರ, ಇದೇ ದ್ವೀಪದ ಕೊಲ್ಲಿಯ ಆಚೆ ದಡದಲ್ಲಿ, ದೋಣಿಕಟ್ಟೆಯ ಪಕ್ಕ, ಇನ್ನೊಂದು. ನಡುವೆ ಉಕ್ಕಿನ ಹಗ್ಗ. ಅದಕ್ಕೆ ಜೋತುಬಿದ್ದು ಜನ ಕಾಡಿನ ನೆತ್ತಿಯ ಮೇಲೆ, ನೀಲಿ ನೀರಿನ ಮೇಲೆ ಹಾರಿ ಬರುತ್ತಾರೆ. ಬಂದವರನ್ನು ಕೆಳಗಿನ ತುದಿಯಲ್ಲಿ ಇನ್ನೊಂದು ಹಗ್ಗದಿಂದ ತಡೆದು ನಿಲ್ಲಿಸುವುದು ಇವರ ಕೆಲಸ. ಊರೆಲ್ಲ ಅಂಟಿಸಿರುವ ಪೋಸ್ಟರ್‌ಗಳಲ್ಲಿ ಹಾರುವವರ ಮೂವತ್ತೆರಡು ಹಲ್ಲೂ ಕಾಣುತ್ತವೆ, ಇವರ ಮೊಣಕೈ ಮಾತ್ರ. ಅದಕ್ಕೇ ಜೊತೆಯವರು ಕರೆಯುವುದು ಹಿಡಿಯಣ್ಣ ಎಂದು.

ಮೊದಲು ದೋಣಿಕಟ್ಟೆಯಲ್ಲಿ ಮೂಟೆ ಹಿಡಿಯುತ್ತಿದ್ದರು. ದೋಣಿಯ ಮೇಲಿನವರು ಎಸೆದದ್ದನ್ನು ಎದೆಗೊಟ್ಟು ಹಿಡಿಯಬೇಕು. “ಅದೇ ಕೆಲಸ ಇದೂ. ಮೂಟೆ ಕಿರುಚಲ್ಲ, ಅಷ್ಟೇ ವ್ಯತ್ಯಾಸ,” ಎಂದು ನಗುತ್ತಾರೆ. ಮಳೆಗಾಲದಲ್ಲಿ ಹಗ್ಗ ನಿಂತರೆ ಮನೆಯ ಒಲೆಯೂ ನಿಂತಂತೆ. ಮನೆಯೆಂದರೆ ದೋಣಿ ಷೆಡ್ಡಿನ ಹಿಂದಿನ ಒಂದೇ ಕೋಣೆ. ರಾತ್ರಿ ಹೆಂಡತಿ ಅವರ ಭುಜಕ್ಕೆ ಎಣ್ಣೆ ತಿಕ್ಕುತ್ತಾ, “ಊರವರನ್ನೆಲ್ಲ ಹಿಡೀತೀರ, ನಿಮ್ಮ ಭುಜ ಹಿಡ್ಕೊಂಡ್ರೆ ಮಾತ್ರ ನಾನೇ ಬೇಕು,” ಅನ್ನುತ್ತಾರಂತೆ.

ಬೈಗುಳಕ್ಕೆ ಕಾರಣ ಹೋದ ವಾರದ ಎಡವಟ್ಟು. ಗುಡ್ಡದ ಮೇಲಿಂದ ಜನರನ್ನು ಬಿಡುವವಳು ಹಿಡಿಯಣ್ಣನ ಮಗಳು, ಕೆಲಸಕ್ಕೆ ಹೊಸಬಳು. ಅವಳು ವಾಕಿಟಾಕಿಯಲ್ಲಿ “ಬಿಡ್ಲಾ?” ಅನ್ನಬೇಕು, ಇವರು “ಬಾ” ಅಂದರೆ ಬಿಡಬೇಕು. ಅವತ್ತು ತಡೆಹಗ್ಗ ಸಿಕ್ಕುಗಟ್ಟಿತ್ತು. ಬಿಡಿಸಲು ಕೆಳಗಿಳಿದವರು “ಬಂದೆ, ತಡಿ” ಅಂದರೋ, ಬರೀ “ಬಾ” ಅಂದರೋ, ಮುಂದಿನದನ್ನು ಗಾಳಿ ನುಂಗಿತೋ. ಮೇಲೆ ಮಗಳು ಬಿಟ್ಟೇಬಿಟ್ಟಳು; ಅತಿಥಿಯೊಬ್ಬರು ಸೀದಾ ಬಂದು ಹಾಸಿಗೆ ಕಟ್ಟಿದ ಗೋಡೆಗೆ ಗುದ್ದಿದರು. ಮಂಡಿ ಊದಿತು.

ತಪ್ಪು ಯಾರದೆಂದು ಮ್ಯಾನೇಜರ್ ಅಬ್ಬರಿಸಿದಾಗ, ಮಗಳು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದರು: “ನನ್ನ ಬಾಯಿ ತಪ್ಪು ಸಾರ್. ‘ಬಂದೆ’ ಅನ್ನೋ ಕಡೆ ‘ಬಾ’ ಅಂದ್ಬಿಟ್ಟೆ.”

ಮರುದಿನದಿಂದ ಅವರು ಆ ಮಾತನ್ನೇ ಕಿತ್ತೊಗೆದರು. “ಬಾ, ಬಂದೆ ಎರಡೂ ಬೇಡ. ನಾನು ಹಗ್ಗ ಹಿಡ್ಕೊಂಡು ‘ಕೈಲಿದೆ’ ಅಂದ್ರೆ ಮಾತ್ರ ಬಿಡು.” ಆದರೂ ಇವತ್ತು ಪರೀಕ್ಷೆಯೇ. ತಪ್ಪು ಯಾರದೇ ಇರಲಿ, ಮಧ್ಯಾಹ್ನದೊಳಗೆ ಇನ್ನೊಂದಾದರೆ ಹೊಸಬಳಾದ ಮಗಳಿಗೆ ಕೆಲಸವಿಲ್ಲ ಎಂದಿದ್ದಾನೆ ಮ್ಯಾನೇಜರ್.

“ಬಿಡ್ಲಾ?”

ಹಿಡಿಯಣ್ಣ ಹಗ್ಗವನ್ನು ಒಮ್ಮೆ ಜಗ್ಗಿ ನೋಡುತ್ತಾರೆ. “ತಡಿ ಮಗಾ... ಹ್ಞಾಂ, ಕೈಲಿದೆ.”

ರಾಟೆ ಕಿರ್‌ರ್ ಅನ್ನುತ್ತದೆ. ಮರಗಳ ಮೇಲಿಂದ ಹೆಂಗಸೊಬ್ಬರು ಕಣ್ಣು ಮುಚ್ಚಿ, ದೇವರನ್ನೂ ಗಂಡನನ್ನೂ ಒಟ್ಟಿಗೇ ಬೈಯುತ್ತಾ ಬರುತ್ತಾರೆ. ಹಿಡಿಯಣ್ಣ ಹಿಮ್ಮಡಿ ಊರಿ ಹಗ್ಗ ಎಳೆಯುತ್ತಾರೆ, ಬಂದ ಭಾರವನ್ನು ಭುಜಕ್ಕೆ ತೆಗೆದುಕೊಳ್ಳುತ್ತಾರೆ. “ಕಣ್ಣು ಬಿಡಿ ಅಕ್ಕಾ, ನೆಲ ಬಂತು.”

“ಬಂತಾ? ಹಾಗಾದ್ರೆ ಇನ್ನೊಂದ್ ಸಲ!”

ಹೀಗೇ ಮಧ್ಯಾಹ್ನವಾಗುತ್ತದೆ. ಒಂದೂ ತಪ್ಪಿಲ್ಲ. ಮ್ಯಾನೇಜರ್ ಹಲ್ಲು ಚುಚ್ಚಿಕೊಳ್ಳುತ್ತಾ ಬಂದು, “ನಿನ್ನ ಮಗಳದ್ದು ಕಾಯಂ. ಆ ‘ಕೈಲಿದೆ’ನ ಉಳಿದ ಹಗ್ಗದವರಿಗೂ ಹೇಳ್ಕೊಡು,” ಎಂದು ಹೊರಡುತ್ತಾನೆ. ಬೆಳಗ್ಗೆ ಬೈದದ್ದಕ್ಕೆ ಕ್ಷಮೆ ಕೇಳುವುದು ಅವನ ಸಂಬಳದಲ್ಲಿ ಸೇರಿಲ್ಲವೆಂದು ಕಾಣುತ್ತದೆ.

ಮಗಳು ಗುಡ್ಡ ಇಳಿದು, ಕೊಲ್ಲಿ ಬಳಸಿ ಓಡಿಬರುತ್ತಾಳೆ. ಕೆಲಸ ಕಾಯಂ ಆದ ಸುದ್ದಿ ಕೇಳಿ ಕುಣಿಯುತ್ತಾಳೆ, ಆಮೇಲೆ ಅಪ್ಪನ ತೋಳು ಹಿಡಿದು ನಿಲ್ಲಿಸುತ್ತಾಳೆ.

“ಅಪ್ಪಾ, ನಿಜ ಹೇಳು. ನೀನು ‘ಬಾ’ ಅಂದಾಗೆಲ್ಲ ಹಿಂದೇನೇ ‘ಮಗಾ’ ಅಂತೀಯ. ಅವತ್ತು ನಂಗೆ ‘ಮಗಾ’ ಕೇಳಿಸ್ಲೇ ಇಲ್ಲ. ನೀನು ‘ಬಂದೆ’ ಅಂತಾನೇ ಅಂದಿದ್ದೆ, ಅಲ್ವಾ?”

ಹಿಡಿಯಣ್ಣ ಅವಳ ಕೂದಲಿಗೆ ಸಿಕ್ಕಿದ್ದ ಒಣ ಎಲೆಯೊಂದನ್ನು ತೆಗೆದು ಬಿಸಾಡುತ್ತಾರೆ. ಆಮೇಲೆ ಕುಡಿಯುವ ನೀರಿನ ಡ್ರಮ್ಮಿನ ಕಡೆಗೆ ನಡೆದುಬಿಡುತ್ತಾರೆ.