ಜೈನ್ ಸಾಂಬಾರ್

ಮುಂಬೈ ಬಳಿಯ ಕಲ್ಯಾಣದ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನಮ್ಮ ಮುರಾರಿ ಉಪಾಧ್ಯರು ಯಾವ ಹೋಟೆಲಿನ ಸಾಂಬಾರನ್ನೂ ನಂಬಿದವರಲ್ಲ. ಬೋರ್ಡಿನಲ್ಲಿ ‘ಉಡುಪಿ’ ಎಂದಿದ್ದರಂತೂ ಅನುಮಾನ ಇಮ್ಮಡಿ. ಬಟ್ಟಲನ್ನು ಮೂಸಿ, ಚಮಚದಿಂದ ತಳ ಕೆದಕಿ, ನೀರುಳ್ಳಿಯ ಒಂದು ಚೂರು ಕಂಡರೂ ಎದ್ದು ಹೋಗುತ್ತಿದ್ದರು. ಉಡುಪಿಯ ಮಡಿ ಅಡುಗೆಯಲ್ಲಿ ಬೆಳೆದ ನಾಲಿಗೆ ಅದು.

ಕಳೆದ ವಾರ ಸ್ಟೇಷನ್ ಎದುರಿನ ಹೊಸ ಹೋಟೆಲಿಗೆ ನಾನೇ ಅವರನ್ನು ಎಳೆದುಕೊಂಡು ಹೋದೆ. ಇಡ್ಲಿ ಸಾಂಬಾರ್ ಬಂತು. ಮೂಸಿದರು, ಕೆದಕಿದರು, ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅನುಮಾನ ಇನ್ನೂ ಹೆಚ್ಚಿತು. ಕೊನೆಗೆ ನಾಲಿಗೆಯ ತುದಿಗೆ ಹಚ್ಚಿಕೊಂಡರು. ಹುರಿದ ಕೊತ್ತಂಬರಿ, ತೆಂಗಿನಕಾಯಿ, ಕುಂಬಳಕಾಯಿ, ಚೂರು ಬೆಲ್ಲ. ಎರಡು ಬಟ್ಟಲು ಖಾಲಿಯಾದವು.

“ಇದು ನಮ್ಮ ಮನೆಯ ಹುಳಿಯೇ ಮಾರಾಯ್ರೆ,” ಎಂದು ನನಗೆ ಹೇಳಿ, ವಿಜಯಪುರದ ಕಡೆಯ ವೇಟರನ್ನು ಕರೆದರು. “ಅಡುಗೆಯವರು ಉಡುಪಿಯವರಾ?”

“ಅಲ್ರೀ, ರಾಜಸ್ಥಾನದವ್ರು. ಉಡುಪಿ ಸಾಂಬಾರ್ ಬ್ಯಾರೆ ಐತ್ರಿ, ಅದಕ್ಕ ಉಳ್ಳಾಗಡ್ಡಿ ಹಾಕ್ತೀವಿ. ನಿಮಗ ತಪ್ಪಿ ಜೈನ್ ಸಾಂಬಾರ್ ಬಂದೈತಿ.” ಬಟ್ಟಲು ಎತ್ತಲು ಬಗ್ಗಿದವನು ಉಪಾಧ್ಯರನ್ನು ಅನುಮಾನದಿಂದ ನೋಡಿದ. “ನೀವು ಜೈನರೇನ್ರಿ?”

ಉಪಾಧ್ಯರು ಬಟ್ಟಲನ್ನು ಬಿಡಲಿಲ್ಲ.

“ಹೌದು,” ಎಂದರು. “ಇನ್ನೂ ಸ್ವಲ್ಪ ಹಾಕಿ.”