ಜೋಡಿ ಫೋಟೊ

ನನ್ನ ಮೊಬೈಲಿನಲ್ಲಿ ಸಾವಿರಾರು ಫೋಟೊಗಳಿವೆ. ಗೋಡೆಗೆ ಹಾಕಲು ಒಂದೂ ಇಲ್ಲ. ಮಿರ್ಚಿ ಭಜಿಯದ್ದಿದೆ, ಸಾಲೆಯ ನೋಟಿಸ್ ಬೋರ್ಡಿನದ್ದಿದೆ, ಗೊತ್ತಿಲ್ಲದೆ ಒತ್ತಿಹೋದ ನನ್ನದೇ ಕಾಲ್ಬೆರಳಿನದ್ದೂ ಇದೆ. ಅಳಿಸೋಣವೆಂದು ಕೂತರೆ ಅದಕ್ಕೂ ಸುಸ್ತು. ಅವ್ವ ಅಪ್ಪ ಜೋಡಿಯಾಗಿ ನಿಂತ ಫೋಟೊ ಮಾತ್ರ ಇಲ್ಲ. ತೆಗೆಸಲು ಯಾರಿಗೆ ಪುರುಸೊತ್ತಿತ್ತು? ಕಾರಟಗಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿ ಬಂದ ಅಪ್ಪನ ಹುಬ್ಬಿನ ಮೇಲೂ ತೌಡು ಕೂತಿರುತ್ತಿತ್ತು.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಕುಷ್ಟಗಿಯಲ್ಲಿ ನಾವೊಂದು ಮನೆ ಕಟ್ಟಿಸಿದೆವು. ಎಂದೂ ಏನೂ ಕೇಳದ ಅವ್ವ ಆಗ ಒಂದನ್ನು ಕೇಳಿದಳು: ಪಡಸಾಲೆಯಲ್ಲಿ ತಮ್ಮಿಬ್ಬರ ಫೋಟೊ. ಅಪ್ಪನದೆಂದು ಇದ್ದದ್ದು ಚುನಾವಣೆ ಗುರುತಿನ ಚೀಟಿಯೊಳಗಿನ ಮುಖವೊಂದೇ. ಅವ್ವನದನ್ನು ನಾನೇ ಮೊನ್ನೆ ತೆಗೆದೆ. ಎರಡನ್ನೂ ಕೂಡಿಸಿಕೊಡೆಂದು ಸ್ಟುಡಿಯೋದವನಿಗೆ ಕೊಟ್ಟರೆ, ನಾಳೆ ಬರ್ರಿ ಅಂದ. ಅವನ ನಾಳೆಗಳ ಹಿಂದೆ ಬಿಸಿಲಲ್ಲಿ ಅಡ್ಡಾಡಿ ನನಗೆ ಸಾಕುಸಾಕಾಯಿತು.

ಕೊನೆಗೂ ಫೋಟೊ ಕೈಗೆ ಬಂತು. ಅಪ್ಪನಿಗೆ ಕೋಟು, ಟೈ. ಅದಾದರೂ ಹೋಗಲಿ, ಅಪ್ಪ ಹೋದ ದಿನದಿಂದ ಬರಿದಾಗಿದ್ದ ಅವ್ವನ ಹಣೆಯ ಮೇಲೆ ಕಾಸಗಲ ಕುಂಕುಮ! ಇದೇನಪ್ಪಾ ಎಂದೆ.

“ಜೋಡಿ ಫೋಟೊದಾಗ ಹಣಿ ಖಾಲಿ ಬಿಡಾಕ ಬರೂದಿಲ್ರಿ ಸರ. ಎಲ್ಲಾರಿಗೂ ಹಾಕ್ತೀವಿ” ಅಂದ.

ಬೈಯಲೂ ತ್ರಾಣವಿರಲಿಲ್ಲ. ಊರ ಹೊರಗೆ ನಿಂತಿರುವ ಮಾಸ್ತಿಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಗಂಡನ ಚಿತೆಯೇರಿದವಳ ಕೈಯನ್ನು ಶಿಲ್ಪಿ ಬಳೆಗಳ ಸಮೇತ ಕಲ್ಲಿನಲ್ಲಿ ಎತ್ತಿ ನಿಲ್ಲಿಸಿರುತ್ತಾನೆ. ಬಳೆ ಉಳಿಸಿಕೊಳ್ಳಲು ಆ ತಾಯಿ ಬೆಂಕಿಗೆ ಬೀಳಬೇಕಾಯಿತು; ನಮ್ಮ ಸ್ಟುಡಿಯೋದವನು ಕುಂಕುಮವನ್ನು ಕೂತಲ್ಲೇ ಬೆರಳೊತ್ತಿ ಮರಳಿಸುತ್ತಾನೆ. ಕಾಲ ಸುಧಾರಿಸಿದೆ ಎನ್ನಬೇಕು. ಆದರೆ ನನ್ನ ಚಿಂತೆ ಕಾಲದ್ದಲ್ಲ, ಅವ್ವನದು. ಇಷ್ಟು ವರ್ಷ ಮದುವೆಮನೆಗಳಲ್ಲಿ ಆರತಿಯ ಹೊತ್ತಿಗೆ ತಾನಾಗಿಯೇ ಎದ್ದು ಒಳಗೆ ಹೋದವಳು ಅವಳು. ಇದನ್ನು ನೋಡಿ ಎಷ್ಟು ನೊಂದುಕೊಳ್ಳುತ್ತಾಳೋ ಎಂದು ಹೆದರಿ ಫೋಟೊವನ್ನು ಕಪಾಟಿನ ಮೇಲೆ ಬೋರಲು ಹಾಕಿಟ್ಟೆ.

ಮನೆಯಲ್ಲಿ ಮುಚ್ಚಿಟ್ಟದ್ದು ಅವ್ವನಿಗೆ ಸಿಗದೆ ಇರುತ್ತದೆಯೇ? ಮರುದಿನ ಸಾಲೆಯಲ್ಲಿ ಪಾಠ ಮುಗಿಸಿ ಬಂದರೆ, ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದಳು. ಸ್ಟುಡಿಯೋದವನ ತಪ್ಪು, ಕುಂಕುಮ ತೆಗೆಸಿಕೊಂಡು ಬರುತ್ತೇನೆಂದು ತೊದಲಿದೆ. ಅವ್ವ ಫೋಟೊ ಕೊಡಲಿಲ್ಲ.

“ಕುಂಕುಮ ಇರ್ಲಿ ಬಿಡೊ, ಯಾರಿಗೇನ್ ಭಾರ ಆಗೈತಿ? ಆ ಕೋಟ ತಗಿಸು. ಹೆಗಲ ಮ್ಯಾಲ ಟವೆಲ್ ಇಲ್ದ ನಿಮ್ಮಪ್ಪ ಯಾರೋ ಪರಗಂಡಸು ಕಂಡಂಗ ಕಾಣ್ತಾನ. ಪರಗಂಡಸಿನ ಬಾಜೂಕ ನಾ ಹ್ಯಾಂಗ ನಿಂದ್ರಲಿ?”

ನಾನು ಏನೆಲ್ಲ ಹೆದರಿಕೊಂಡಿದ್ದೆ! ಅವಳ ಲೆಕ್ಕದಲ್ಲಿ ತಪ್ಪು ಒಂದೇ, ಅದೂ ಗಂಡನ ಬಟ್ಟೆಯದು. ಕೋಟು ಬಿಚ್ಚಿಸಲು ನಾನೀಗ ಮತ್ತೆ ಸ್ಟುಡಿಯೋಕ್ಕೆ ಅಲೆಯುತ್ತಿದ್ದೇನೆ. ಅವ್ವ ಆಗಲೇ ಗೋಡೆಗೆ ಮೊಳೆ ಹೊಡೆಸಿದ್ದಾಳೆ. ಮನೆಗೆ ಬಂದವರಿಗೆಲ್ಲ ಆ ಬರಿ ಮೊಳೆಯನ್ನೇ ತೋರಿಸುತ್ತಿದ್ದಾಳೆ.