ಕಿಲ್ಲಿ ಕೊಟ್ಟ ಮಾಸ್ತರ

ಗೆಳೆಯರೇ, ನನ್ನ ತಪ್ಪೊಪ್ಪಿಗೆ ಕೇಳಿರಿ. ಇಷ್ಟು ವರ್ಷ ಪುಣೆಯ ಅನ್ನ ತಿಂದವನು ಇಂದು ಮರಾಠಿ ಬರದವನಂತೆ ನಟಿಸಿದೆ.

ಇನ್ನು ಮೇಲೆ ನಮ್ಮ ಕನ್ನಡ ಶಾಲೆಯಲ್ಲಿ ಪದ್ಯವನ್ನು ಗ್ರಾಮೊಫೋನೇ ಹಾಡಬೇಕಂತೆ. ಅದನ್ನು ನಡೆಸುವ ಬಗೆಯನ್ನು ಮಾಸ್ತರರಿಗೆಲ್ಲ ಕಲಿಸಲು ಬಂದ ತಾತ್ಯಾರಾವ್ ನನ್ನತ್ತ ತಿರುಗಿ, "ಮಾಸ್ತರ, ಕಿಲ್ಲಿ ದ್ಯಾ" ಎಂದರು. ಮರಾಠಿಯಲ್ಲಿ ಕಿಲ್ಲಿ ಎಂದರೆ ಕೀಲಿಕೈ; ಆದರೆ ಕಿಲ್ಲಿ ಕೊಡುವುದೆಂದರೆ ಯಂತ್ರದ ಹಿಡಿ ತಿರುವುವುದು. ನಾನು ವಿನಯದಿಂದ ಕಪಾಟಿನ ಕೀಲಿಕೈ ತೆಗೆದು ಅವರ ಕೈಗಿಟ್ಟೆ.

ಎಲ್ಲರೂ ನಕ್ಕರು. "ಈ ಕಿಲ್ಲಿ ಅಲ್ರೀ" ಎಂದರು ಹೆಡ್‌ಮಾಸ್ತರ ಭೀಮರಾಯರು.

"ಹೌದ್ರಿ? ನಮ್ಮ ಕಾಲಕ್ಕ ಪದ್ಯಕ್ಕ ಕಿಲ್ಲಿ ಬೇಕಾಗಿರಲಿಲ್ಲ. ಗುರುಗಳ ಗಂಟಲಿದ್ರ ಸಾಕಿತ್ತು."

"ಹಂಗಾದ್ರ ಹಾಡಿ ತೋರಸ್ರಿ."

ಹಾಡಿದೆ. ಚಾಪೆಯ ಮೇಲೆ ಕೂತು ತೊಡೆ ತಟ್ಟಿ ತಾಳ ಹಾಕುತ್ತಿದ್ದ ಹಳೆಯ ಹುಡುಗರೆಲ್ಲ ಕಣ್ಮುಂದೆ ಬಂದರು, ದನಿ ತಾನಾಗಿ ಏರಿತು. ತಾತ್ಯಾರಾವ್ ಕೂಡ ತಲೆದೂಗಿದರು.

"ಕಡೀಕ ‘ಏಳು ಕಂದಾ’ ಅಂತ ಮೂರು ಸಲ ಅಂದ್ರಲ್ಲ, ಭಾಳ ಚಂದ. ಯಾರ ಕಡೆ ಕಲತ್ರಿ?" ಎಂದರು ಭೀಮರಾಯರು.

"ಗುರುಗಳ ಕೃಪಾ" ಎಂದೆ.

ಗುರುಗಳೆಂದರೆ ಬುಧವಾರ ಪೇಟೆಯಲ್ಲಿನ ಕನ್ನಡಿಗರ ಚಹಾದಂಗಡಿಯ ಗ್ರಾಮೊಫೋನು. ಅದರ ತಟ್ಟೆಗೆ ಗೀರು ಬಿದ್ದು, ಮುಳ್ಳು ‘ಏಳು ಕಂದಾ’ ಎಂಬಲ್ಲೇ ಸಿಕ್ಕಿಕೊಳ್ಳುತ್ತಿತ್ತು.